ಊರಿಗೂ ಘಾಟಿಗೂ ಒಂದೇ ಕಾರು: ಯಾವ ಬ್ರೇಕ್ ಹಾಕಿಸಲಿ?

ಹೆಬ್ರಿಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನದು 2018ರ ಸ್ವಿಫ್ಟ್. ಪೆಟ್ರೋಲ್, ಮ್ಯಾನ್ಯುಯಲ್ ಗೇರ್. ಓಡಿರುವುದು 61,000 ಕಿಮೀ. ವಾರಪೂರ್ತಿ ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವುದು. ಸಿಗ್ನಲ್, ಹಂಪು, ಗುಂಡಿ, ಮತ್ತೆ ಸಿಗ್ನಲ್. ತಿಂಗಳಿಗೊಮ್ಮೆ ಹೆಬ್ರಿಗೆ, ಅಮ್ಮನ ಮನೆಗೆ. ತೀರ್ಥಹಳ್ಳಿ ಮೇಲಿಂದ ಬಂದು ಆಗುಂಬೆ ಘಾಟಿ ಇಳಿಯಬೇಕು.

ಹೋದ ವಾರ ಕಾರಿನಲ್ಲಿ ಐದು ಜನ ಇದ್ದೆವು. ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಬ್ಯಾಗು. ನಾನು ಮೂರನೇ ಗೇರಿನಲ್ಲೇ ಇಳಿಸುತ್ತಿದ್ದೆ, ಕಾಲು ಬ್ರೇಕಿನ ಮೇಲೇ ಇತ್ತು. ಅರ್ಧ ಇಳಿದ ಮೇಲೆ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಯಿತು. ಹಿಟ್ಟಿನೊಳಗೆ ಕಾಲಿಟ್ಟ ಹಾಗೆ. ಎರಡು ಮೂರು ಸಲ ಪಂಪ್ ಮಾಡಿದೆ, ಎರಡನೇ ಗೇರ್, ಆಮೇಲೆ ಒಂದನೇ ಗೇರಿಗೆ ಹಾಕಿದೆ, ಹ್ಯಾಂಡ್ ಬ್ರೇಕ್ ನಿಧಾನವಾಗಿ ಎಳೆದೆ. ಗುಡ್ಡದ ಬದಿಗೆ ಒರಗಿಸಿ ನಿಲ್ಲಿಸಿದೆ. ಅಮ್ಮ ಒಂದು ಮಾತೂ ಆಡಲಿಲ್ಲ, ಸೀಟನ್ನು ಹಿಡಿದುಕೊಂಡು ಕೂತಿದ್ದರು. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿಯಾಗಿತ್ತು.

ಬೆಂಗಳೂರಿಗೆ ಬಂದು ಒಂದು ಅಂಗಡಿಯಲ್ಲಿ ಕೇಳಿದೆ. ತೂತಿರುವ ಡಿಸ್ಕ್ (ಚಕ್ರದ ಜೊತೆ ತಿರುಗುವ ಬಿಲ್ಲೆ), ಸ್ಪೋರ್ಟ್ಸ್ ಪ್ಯಾಡ್ (ಆ ಬಿಲ್ಲೆಯನ್ನು ಒತ್ತಿ ಹಿಡಿಯುವುದು) ಹಾಕಿಸಿ, 28,000 ರೂಪಾಯಿ ಆಗುತ್ತದೆ ಅಂದರು. ದುಡ್ಡು ಹೋದರೆ ಹೋಗಲಿ, ಅಂಥ ಕ್ಷಣ ಇನ್ನೊಮ್ಮೆ ಬರಬಾರದು. ಆದರೆ ಇದು ಸರಿಯಾದ ಮದ್ದೇನಾ? ತಿಳಿದವರು ಹೇಳಿ.

ಹಾಸನದ ಗ್ಯಾರೇಜು

ಮೇಡಂ, ಮೊದಲು ಎಲ್ಲರೂ ಸುರಕ್ಷಿತವಾಗಿ ಇಳಿದಿರಲ್ಲ, ಅದು ದೊಡ್ಡದು. ಒಂದನೇ ಗೇರಿಗೆ ಹಾಕಿದ್ದು ನಿಮ್ಮನ್ನು ಉಳಿಸಿತು.

ಎರಡೇ ಪ್ರಶ್ನೆ. ಪೆಡಲ್ ಒಳಗೆ ಹೋಯಿತು ಅಂದಿರಿ. ಗಟ್ಟಿಯಾಗಿದ್ದೂ ಕಾರು ನಿಲ್ಲಲಿಲ್ಲವೋ, ಅಥವಾ ಪೆಡಲೇ ಮೆತ್ತಗಾಗಿತ್ತೋ? ಎರಡನೆಯದು, ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು? ಟಾಪ್ ಅಪ್ ಅಲ್ಲ, ಪೂರ್ತಿ ಬದಲಾವಣೆ.

ಹೆಬ್ರಿಯವಳು

ಖಂಡಿತ ಮೆತ್ತಗಾಗಿತ್ತು. ಪೂರ್ತಿ ನೆಲಕ್ಕೆ ಹೋಗುತ್ತಿತ್ತು.

ಬಿಲ್ಲುಗಳನ್ನೆಲ್ಲ ತೆಗೆದು ನೋಡಿದೆ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಎಸಿ ಫಿಲ್ಟರ್ ಎಲ್ಲ ಇದೆ. ಬ್ರೇಕ್ ಆಯಿಲ್ "ಟಾಪ್ ಅಪ್" ಅಂತ ಎರಡು ಕಡೆ ಇದೆ. ಬದಲಾವಣೆ ಎಲ್ಲೂ ಇಲ್ಲ. ಕಾರು ತಗೊಂಡಾಗ ಬಂದದ್ದೇ ಇನ್ನೂ ಇರಬೇಕು.

ಹಾಸನದ ಗ್ಯಾರೇಜು

ಹಾಗಾದರೆ ಅಂಗಡಿಯವರು ಹೇಳಿದ ಡಿಸ್ಕ್ ಸದ್ಯಕ್ಕೆ ಮರೆತುಬಿಡಿ.

ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ. ಪ್ಯಾಡ್ ತಡೆಯುವ ಬಿಸಿಗಿಂತ ಜಾಸ್ತಿ ಕಾದರೆ ಹಿಡಿತ ಹೋಗುತ್ತದೆ. ಆಗ ಪೆಡಲ್ ಗಟ್ಟಿಯಾಗೇ ಇರುತ್ತದೆ, ನೀವು ಎಷ್ಟು ತುಳಿದರೂ ಕಾರು ಜಾರುತ್ತಾ ಹೋಗುತ್ತದೆ. ಇನ್ನೊಂದು, ಆಯಿಲ್ ಕುದಿಯುವುದು. ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್‌ಗೆ, ಪಿಸ್ಟನ್‌ನಿಂದ ಆಯಿಲಿಗೆ ಬರುತ್ತದೆ. ಕುದಿದರೆ ಗುಳ್ಳೆ ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ನೀವು ತುಳಿದದ್ದೆಲ್ಲ ಗುಳ್ಳೆ ಕುಗ್ಗಿಸಲು ಖರ್ಚಾಯಿತು, ಪ್ಯಾಡಿನ ತನಕ ತಲುಪಲೇ ಇಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ನೀವು ಬರೆದದ್ದು ಇದೇ ಲಕ್ಷಣ.

ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಪೈಪಿನ ಮೂಲಕ ನಿಧಾನವಾಗಿ ನೀರು ಸೇರುತ್ತದೆ. ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ಶೇಕಡಾ 3.7ರಷ್ಟು ನೀರು ಸೇರಿದರೆ ಅದರ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ ಹೊಸದರಲ್ಲಿ 230, ನೀರು ಕುಡಿದ ಮೇಲೆ 155. ಡಾಟ್ 5.1 ಆದರೆ 260 ಮತ್ತು 180. ನಮ್ಮ ಕರಾವಳಿ ಮಲೆನಾಡಿನ ಮಳೆಗಾಲ ನಿಮಗೇ ಗೊತ್ತು. ಗೋಡೆಗೇ ಬೂಷ್ಟು ಹಿಡಿಯುವ ಊರು ಅದು.

ಎರಡು ವರ್ಷಕ್ಕೊಮ್ಮೆ ಅಥವಾ 40,000 ಕಿಮೀಗೊಮ್ಮೆ, ಯಾವುದು ಮೊದಲೋ ಆಗ, ಪೂರ್ತಿ ಬದಲಾಯಿಸಲೇಬೇಕು. ಟಾಪ್ ಅಪ್ ಮಾಡಿದರೆ ಹಳೆಯದರ ಮೇಲೆ ಹೊಸದು ಸುರಿದಂತೆ ಅಷ್ಟೇ. ಕ್ಯಾಲಿಪರ್, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಅದರ ಒಳಗಿನ ಆಯಿಲ್ ಅಲ್ಲೇ ಕೂತಿರುತ್ತದೆ, ಕುದಿಯುವುದೂ ಅದೇ.

ಲೆಕ್ಕದ ಮೇಷ್ಟ್ರು, ಧಾರವಾಡ

ಭಾಳ ಚಲೋ ವಿವರಿಸಿದ್ರಿ. ನಾನು ಒಂದು ಸಣ್ಣ ಲೆಕ್ಕ ಸೇರಿಸುತ್ತೇನೆ, ಮಕ್ಕಳಿಗೂ ಇದನ್ನೇ ಹೇಳುತ್ತೇನೆ.

ಕಾರು, ಜನ, ಲಗೇಜು ಸೇರಿ 1,200 ಕೆಜಿ ಅಂತ ಇಟ್ಟುಕೊಳ್ಳಿ. 80 ಕಿಮೀ ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕು ಸುಮಾರು 3 ಲಕ್ಷ ಜೌಲ್ ಬಿಸಿ ನುಂಗಬೇಕು. 40ರಿಂದ ನಿಲ್ಲಿಸಿದರೆ ಅದರ ಕಾಲುಭಾಗ ಸಾಕು, ಅರ್ಧ ಅಲ್ಲ. ವೇಗ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು.

ಈಗ ಘಾಟಿ ನೋಡ್ರಿ. ಅದೇ ಕಾರು 100 ಮೀಟರ್ ಎತ್ತರ ಇಳಿದರೆ ಸುಮಾರು 12 ಲಕ್ಷ ಜೌಲ್. ಅಂದರೆ 80ರಿಂದ ನಾಲ್ಕು ಸಲ ಗಚ್ಚನೆ ನಿಲ್ಲಿಸಿದಷ್ಟು. ಗಾಡಿ ಹಗುರ ಇರಲಿ, ಭಾರ ಇರಲಿ, ಈ ನಾಲ್ಕು ಪಟ್ಟಿನ ಲೆಕ್ಕ ಬದಲಾಗುವುದಿಲ್ಲ. ಆಗುಂಬೆಯಲ್ಲಿ ಇಳಿಯುವುದು ನೂರು ಮೀಟರ್ ಅಲ್ಲ, ನೂರಾರು ಮೀಟರ್. ನಡುವೆ 14 ಹೇರ್‌ಪಿನ್ ತಿರುವು. ನಿಧಾನವಾಗಿ ಹೋಗುವುದರಿಂದ ಡಿಸ್ಕಿಗೆ ಗಾಳಿಯೂ ಕಡಿಮೆ. ಈ ಬಿಸಿಯನ್ನೆಲ್ಲ ಬ್ರೇಕೇ ನುಂಗಬೇಕಾ, ಎಂಜಿನ್ನಿಗೂ ಪಾಲು ಕೊಡಬೇಕಾ ಅನ್ನುವುದು ನಿಮ್ಮ ಕೈಯಲ್ಲಿರುವ ಗೇರಿಗೆ ಬಿಟ್ಟದ್ದು.

ಶಿರಾಡಿ ಲಾರಿ

ಅಕ್ಕಾ, ನಾನು 22 ವರ್ಷದಿಂದ ಮಂಗಳೂರು ಲೈನಿನಲ್ಲಿ ಲಾರಿ ಓಡಿಸುತ್ತಿದ್ದೇನೆ. ಸಕಲೇಶಪುರ ದಾಟಿ ಗುಂಡ್ಯ ಇಳಿಯುವುದು ನಮಗೆ ಅನ್ನ ಉಂಡಷ್ಟು ಅಭ್ಯಾಸ. ನನಗೆ ಕಲಿಸಿದ ಗುರುಗಳು ಹೇಳಿದ್ದು ಒಂದೇ ಮಾತು: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ.

ಆಗುಂಬೆ ಹತ್ತುವಾಗ ನೀವು ಎಷ್ಟನೇ ಗೇರ್ ಹಾಕುತ್ತೀರಿ? ಎರಡು. ತಿರುವಿನಲ್ಲಿ ಒಂದು. ಇಳಿಯುವಾಗಲೂ ಅಷ್ಟೇ. ಎಂಜಿನ್ ಕೂಗಿದರೆ ಹೆದರಬೇಡಿ. ಆಕ್ಸಿಲರೇಟರ್ ಬಿಟ್ಟಿರುವಾಗ ಅದು ಗಾಡಿಯನ್ನು ಹಿಡಿದಿರುವ ಸದ್ದು. ಪೆಟ್ರೋಲ್ ಕೂಡ ಆಗ ಹೋಗುವುದಿಲ್ಲ.

ಬ್ರೇಕ್ ತುಳಿಯುವುದೂ ಒಂದು ರೀತಿ ಇದೆ. ಸುಮ್ನೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ತಿರುವು ಬರುವ ಮುಂಚೆ ಗಟ್ಟಿಯಾಗಿ ಒಮ್ಮೆ ತುಳಿದು ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಬಿಟ್ಟಾಗ ಡಿಸ್ಕ್ ಉಸಿರಾಡುತ್ತದೆ. ನಮ್ಮ ಲಾರಿಯಲ್ಲಿ ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಗ್ಸಾಸ್ಟ್ ಬ್ರೇಕ್ ಇದೆ, ನಿಮಗೆ ಗೇರೇ ಎಗ್ಸಾಸ್ಟ್ ಬ್ರೇಕ್.

ಇನ್ನೊಂದು ಬೇಡಿಕೊಂಡು ಹೇಳುತ್ತೇನೆ. ಯಾರೂ ನ್ಯೂಟ್ರಲ್ ಮಾಡಿ ಇಳಿಯಬೇಡಿ. ಎಂಜಿನ್ ಆಫ್ ಮಾಡಿಯಂತೂ ಬೇಡವೇ ಬೇಡ. ಎಂಜಿನ್ ನಿಂತರೆ ಪೆಡಲಿಗೆ ಬಲ ಕೊಡುವ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುವುದಿಲ್ಲ, ಎರಡು ಮೂರು ತುಳಿತಕ್ಕೆ ಪೆಡಲ್ ಕಲ್ಲಾಗುತ್ತದೆ. ಸ್ಟೇರಿಂಗೂ ಬಿಗಿ. ಹತ್ತು ರೂಪಾಯಿ ಪೆಟ್ರೋಲ್ ಉಳಿಸಲು ಹೋಗಿ ಕಂದಕಕ್ಕೆ ಬಿದ್ದ ಗಾಡಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಾದ ಡಿಸ್ಕಿಗೆ ನೀರು ಸುರಿಯುವವರನ್ನೂ ನೋಡಿದ್ದೇನೆ. ಬಿಸಿ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಸುಮ್ಮನೆ ನಿಲ್ಲಿಸಿ, ಗೇರಿನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಕಾಯಿರಿ.

ಇರುಂಗಟ್ಟುಕೋಟೈ ಅಭಿಮಾನಿ

ನಾನು ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ನನ್ನ ಕಾರು ಒಯ್ಯುತ್ತೇನೆ. ಪ್ಯಾಡು, ಡಿಸ್ಕು ಅಂದರೆ ನನಗೆ ಪ್ರಾಣ. ಅದಕ್ಕೇ ಹೇಳುತ್ತಿದ್ದೇನೆ, ದಿನನಿತ್ಯದ ಕಾರಿಗೆ ರೇಸ್ ಪ್ಯಾಡ್ ಹಾಕಿಸಬೇಡಿ.

ಮೊದಲ ವರ್ಷ ಟ್ರ್ಯಾಕಿಂದ ಬಂದವನು ಆ ಪ್ಯಾಡ್ ತೆಗೆಯದೇ ಹಾಗೇ ಬಿಟ್ಟಿದ್ದೆ. ಡಿಸೆಂಬರ್ ಬೆಳಿಗ್ಗೆ ಆರೂವರೆ, ಮನೆಯಿಂದ ಹೊರಟು ಮೊದಲ ಸಿಗ್ನಲ್. ತುಳಿದೆ. ಪೆಡಲ್ ಗಟ್ಟಿ, ಕಾರು ಹೋಗುತ್ತಲೇ ಇದೆ. ಮರದ ತುಂಡನ್ನು ಗಾಜಿಗೆ ಒತ್ತಿದ ಹಾಗೆ. ಜೀಬ್ರಾ ಕ್ರಾಸಿಂಗ್ ಮೇಲೆ ಹೋಗಿ ನಿಂತೆ. ಒಬ್ಬ ಅಜ್ಜ ಹಾಲಿನ ಪಾಕೆಟ್ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಮುಖ ಇವತ್ತಿಗೂ ಮರೆತಿಲ್ಲ. ಅವತ್ತು ಸಂಜೆಯೇ ಮಾಮೂಲಿ ಪ್ಯಾಡ್ ವಾಪಸ್ ಹಾಕಿಸಿದೆ.

ಆ ಪ್ಯಾಡುಗಳು ಮುನ್ನೂರು ನಾನೂರು ಡಿಗ್ರಿ ಕಾದ ಮೇಲೆ ಚೆನ್ನಾಗಿ ಹಿಡಿಯುವಂತೆ ಮಾಡಿರುತ್ತಾರೆ. ನಮ್ಮ ಸಿಲ್ಕ್ ಬೋರ್ಡಿನಲ್ಲಿ ಡಿಸ್ಕ್ ಅಷ್ಟು ಕಾಯುವುದೇ ಇಲ್ಲ. ಬೀದಿಯಲ್ಲಿ ಬೇಕಾಗಿರುವುದು ತಣ್ಣಗಿರುವಾಗಲೇ, ಮೊದಲ ತುಳಿತಕ್ಕೇ ಹಿಡಿಯುವ ಪ್ಯಾಡ್. ಮಗು ಅಡ್ಡ ಬಂದಾಗ ಬ್ರೇಕು ಕಾಯಿಸಿಕೊಳ್ಳಲು ಸಮಯ ಇರುವುದಿಲ್ಲ ಅಲ್ವಾ?

ಡಿಸ್ಕಿನ ತೂತಿನ ವಿಷಯ. ಹಳೇ ಕಾಲದ ಪ್ಯಾಡುಗಳು ಕಾದಾಗ ಅಂಟಿನಿಂದ ಅನಿಲ ಬಿಡುತ್ತಿದ್ದವು, ಅದು ಹೊರಹೋಗಲಿ ಅಂತ ತೂತು ಕೊರೆಯುತ್ತಿದ್ದರು. ಈಗಿನ ಪ್ಯಾಡಿನಲ್ಲಿ ಆ ತೊಂದರೆ ಬಹಳ ಕಡಿಮೆ. ತೂತು ಕೊರೆದಷ್ಟೂ ಲೋಹ ಕಡಿಮೆಯಾಗುತ್ತದೆ, ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಡಿಮೆಯಾಗುತ್ತದೆ. ಅಗ್ಗದ ಡಿಸ್ಕಿನಲ್ಲಿ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಪೋರ್ಷೆಯವರು ತೂತಿನ ಡಿಸ್ಕ್ ಕೊಡುತ್ತಾರೆ ನಿಜ, ಆದರೆ ಆ ಡಿಸ್ಕಿನ ಗಾತ್ರವೇ ಬೇರೆ, ಅದನ್ನು ಮಾಡುವ ರೀತಿಯೇ ಬೇರೆ. ನಿಮಗೆ ಕಂಪನಿ ಅಳತೆಯ ಮಾಮೂಲಿ ವೆಂಟಿಲೇಟೆಡ್ ಡಿಸ್ಕ್ (ನಡುವೆ ಗಾಳಿ ಆಡಲು ಜಾಗ ಇರುವುದು) ಸಾಕು, ಅದೇ ಒಳ್ಳೆಯದು.

ಬುಲೆಟ್ ಪಯಣ

ಒಂದು ಮಾತು ಒಪ್ಪುವುದಿಲ್ಲ. ಬೈಕಿನ ಡಿಸ್ಕ್‌ಗಳಲ್ಲೆಲ್ಲ ತೂತು ಇರುತ್ತದಲ್ಲ? ಮಳೆಯಲ್ಲಿ ಓಡಿಸುವವರಿಗೆ ಅದರ ಬೆಲೆ ಗೊತ್ತು. ತೂತಿನ ಅಂಚು ನೀರಿನ ಪದರ ಒರೆಸುತ್ತದೆ, ಮೊದಲ ಹಿಡಿತ ಬೇಗ ಸಿಗುತ್ತದೆ. ಮಲೆನಾಡಿನ ಮಳೆಗೆ ಕಾರಿನಲ್ಲೂ ಒಳ್ಳೆಯದೇ ಅಲ್ವಾ?

ಇರುಂಗಟ್ಟುಕೋಟೈ ಅಭಿಮಾನಿ

ಬೈಕಿನ ಮಾತು ನಿಜ ಅಣ್ಣ. ಅದು ತೆಳ್ಳಗಿನ ಸ್ಟೇನ್‌ಲೆಸ್ ಉಕ್ಕಿನ ಡಿಸ್ಕ್, ಬಯಲಿನಲ್ಲಿ ತೆರೆದೇ ಇರುತ್ತದೆ, ಹೊರಬೇಕಾದ ತೂಕವೂ ಕಮ್ಮಿ. ಕಾರಿನದು ಎರಕದ ಕಬ್ಬಿಣ, ನಾಲ್ಕೈದು ಪಟ್ಟು ಭಾರ ನಿಲ್ಲಿಸಬೇಕು. ಮಳೆಯಲ್ಲಿ ಕಾರಿನ ಮೊದಲ ತುಳಿತ ಸ್ವಲ್ಪ ತಡವಾಗುವುದೂ ನಿಜ. ಅದಕ್ಕೆ ಉಪಾಯ ಪುಕ್ಕಟೆ. ಜೋರು ಮಳೆಯಲ್ಲಿ ಆಗಾಗ, ಹಿಂದೆ ಗಾಡಿ ಇಲ್ಲದಾಗ, ಪೆಡಲನ್ನು ಹಗುರವಾಗಿ ಮುಟ್ಟಿ ಡಿಸ್ಕ್ ಒಣಗಿಸಿಕೊಳ್ಳಿ. ನೀರು ನಿಂತ ಅಂಡರ್‌ಪಾಸ್ ದಾಟಿದ ಮೇಲಂತೂ ಇದನ್ನು ಮಾಡಲೇಬೇಕು. ಹಿಂದಿನ ಚಕ್ರದ ಡ್ರಮ್ ಬ್ರೇಕಿನೊಳಗೆ ನೀರು ಸೇರಿದರೆ ಬೇಗ ಹೊರಗೆ ಬರುವುದಿಲ್ಲ.

ಇನ್ನೊಂದು, ಮೇಡಂ. ಟೈರ್ ನೋಡಿಸಿದ್ದೀರಾ? ಕೊನೆಗೆ ಕಾರು ನಿಲ್ಲಿಸುವುದು ಟೈರು. ಒಮ್ಮೆ ಜೋರಾಗಿ ತುಳಿದಾಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಟಕಟ ಅನ್ನುತ್ತದೆ ಅಂದರೆ, ಟೈರಿಗೆ ಇರುವ ಹಿಡಿತವನ್ನೆಲ್ಲ ನಿಮ್ಮ ಬ್ರೇಕು ಬಳಸಿಯಾಯಿತು ಅಂತ ಅರ್ಥ. ಅದಕ್ಕಿಂತ ದೊಡ್ಡ ಡಿಸ್ಕ್ ಹಾಕಿದರೂ ಅಷ್ಟೇ ದೂರದಲ್ಲಿ ನಿಲ್ಲುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2318 ಅಂದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ಕಂಪನಿ ಟೈರೇ ಇನ್ನೂ ಇದ್ದರೆ ರಬ್ಬರ್ ಗಟ್ಟಿಯಾಗಿರುತ್ತದೆ. ಆ 28,000ದಲ್ಲಿ ಮೊದಲ ಖರ್ಚು ಅದಕ್ಕೇ ಮಾಡಿ.

ಹೆಬ್ರಿಯವಳು

ಈಗಷ್ಟೇ ಕೆಳಗೆ ಹೋಗಿ ಟಾರ್ಚ್ ಹಿಡಿದು ನೋಡಿ ಬಂದೆ. ನಾಲ್ಕರಲ್ಲೂ ಕೊನೆಯ ಎರಡು ಅಂಕಿ 18. ಗ್ರಿಪ್ ಇದೆ ಅಂದುಕೊಂಡಿದ್ದೆ. ಗೆರೆಗಳ ನಡುವೆ ಸಣ್ಣ ಸಣ್ಣ ಬಿರುಕು ಕಾಣುತ್ತಿವೆ.

ಪ್ಯಾಡ್ ಹೇಗೂ ಬದಲಾಯಿಸಬೇಕು. ಅಂಗಡಿಯಲ್ಲಿ ಸೆರಾಮಿಕ್, ಸೆಮಿ ಮೆಟಾಲಿಕ್ ಅಂತ ಏನೇನೋ ಹೇಳುತ್ತಾರೆ. ನನ್ನಂಥವರಿಗೆ ಯಾವುದು?

ಹಾಸನದ ಗ್ಯಾರೇಜು

ಸರಳವಾಗಿ ಹೇಳುತ್ತೇನೆ. ಕಂಪನಿಯಿಂದ ಬರುವ ಪ್ಯಾಡ್ ಸಾಮಾನ್ಯವಾಗಿ ಆರ್ಗ್ಯಾನಿಕ್ ಜಾತಿಯದು, ಅಂದರೆ ನಾರು, ರಬ್ಬರು, ಅಂಟು ಸೇರಿಸಿ ಒತ್ತಿದ್ದು. ಅಥವಾ ಅದರಲ್ಲೇ ಸ್ವಲ್ಪ ಲೋಹ ಬೆರೆಸಿದ್ದು. ಸದ್ದಿಲ್ಲ, ತಣ್ಣಗಿದ್ದಾಗಲೇ ಹಿಡಿಯುತ್ತದೆ, ಡಿಸ್ಕನ್ನು ತಿನ್ನುವುದಿಲ್ಲ. ತೀರಾ ಕಾದರೆ ಬೇಗ ಸೋಲುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ಎಳೆ ಜಾಸ್ತಿ. ಬಿಸಿ ಚೆನ್ನಾಗಿ ತಡೆಯುತ್ತದೆ, ಆದರೆ ಕಿರಗುಟ್ಟುತ್ತದೆ, ಕಪ್ಪು ಪುಡಿ ಬೀಳುತ್ತದೆ, ಡಿಸ್ಕ್ ಬೇಗ ಸವೆಯುತ್ತದೆ. ಸೆರಾಮಿಕ್ ಶಾಂತ, ಪುಡಿ ಕಡಿಮೆ, ಬೆಲೆ ಜಾಸ್ತಿ.

ನಿಮ್ಮ ಹಾಗೆ ತಿಂಗಳಲ್ಲಿ 25 ದಿನ ಊರೊಳಗೆ, ಒಂದು ದಿನ ಘಾಟಿ ಅನ್ನುವವರಿಗೆ ನಾನು ಕಂಪನಿ ಪ್ಯಾಡೇ ಹಾಕುತ್ತೇನೆ. ಇಲ್ಲವೇ ಬಾಷ್, ರಾಣೆ, ಬ್ರೆಂಬೊ ಇಂಥ ಹೆಸರಿರುವವರು ನಿಮ್ಮ ಕಾರಿಗಂತಲೇ ಮಾಡಿದ ಮಾಮೂಲಿ ಪ್ಯಾಡ್. ದಿನಾ ಚಾರ್ಮಾಡಿ ಘಾಟಿ ಹತ್ತಿಳಿಯುವ ಟ್ಯಾಕ್ಸಿಯವರಾದರೆ ಲೋಹ ಜಾಸ್ತಿ ಇರುವುದನ್ನು ಯೋಚಿಸಬಹುದು.

ಕೆಲವು ಪ್ಯಾಡಿನ ಹಿಂಭಾಗದಲ್ಲೋ ಅಂಚಿನಲ್ಲೋ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತದೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಎಷ್ಟು ಹಿಡಿತ, ಎರಡನೆಯದು ಜೋರು ಬಿಸಿಯಲ್ಲಿ ಎಷ್ಟು. ಇ ಅಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎಫ್‌ಎಫ್ ಅಂತ ಇದ್ದರೆ ಎರಡೂ ಕಡೆ ಒಂದೇ ಸಮ ಹಿಡಿಯುತ್ತದೆ, ಬೀದಿಗೆ ಒಪ್ಪುತ್ತದೆ. ಮೊದಲಕ್ಷರಕ್ಕಿಂತ ಎರಡನೆಯದು ಕೆಳಗಿದ್ದರೆ ಘಾಟಿಗೆ ಒಯ್ಯುವ ಮುಂಚೆ ಯೋಚಿಸಿ. ಬಾಳಿಕೆ, ಗುಣಮಟ್ಟ ಇದನ್ನೆಲ್ಲ ಆ ಅಕ್ಷರ ಹೇಳುವುದಿಲ್ಲ, ನೆನಪಿರಲಿ.

ನಕಲಿ ಮಾಲಿನ ಬಗ್ಗೆ ಎಚ್ಚರ. ಒಬ್ಬ ಗಿರಾಕಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತಾವೇ ಪ್ಯಾಡ್ ತಂದುಕೊಟ್ಟಿದ್ದರು. ಡಬ್ಬಿ ನೋಡಿದರೆ ಅಸಲಿಯೇ. ಪ್ಯಾಡ್ ಕೈಗೆ ತಗೊಂಡರೆ ಅಂಚು ಉಗುರಿಗೆ ಉದುರುತ್ತಿತ್ತು, ಬ್ಯಾಕಿಂಗ್ ಪ್ಲೇಟಿನ ಬಣ್ಣದ ಕೆಳಗೆ ತುಕ್ಕು. ಹಾಕುವುದಿಲ್ಲ ಅಂತ ವಾಪಸ್ ಕೊಟ್ಟೆ. ಬೇಜಾರು ಮಾಡಿಕೊಂಡು ಹೋದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಅಂಗಡಿಗಳು ಬೇಕಾದಷ್ಟಿವೆ. ಆದರೆ ಬಿಲ್ ಕೊಡುವವರ ಹತ್ತಿರವೇ ತಗೊಳ್ಳಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿಂದ ಒಂದು ಉಪಯೋಗದ ವಿಷಯ. ಯುರೋಪಿನಲ್ಲಿ ಬದಲಿ ಪ್ಯಾಡ್ ಮಾರಬೇಕಾದರೆ ಇಸಿಇ ಆರ್90 ಅನ್ನುವ ನಿಯಮ ಪಾಸಾಗಬೇಕು. ಕಂಪನಿ ಪ್ಯಾಡಿನ ಕೆಲಸಕ್ಕೂ ಇದಕ್ಕೂ ಶೇಕಡಾ 15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಜಾಸ್ತಿ ಹಿಡಿದರೂ ತಪ್ಪೇ, ಯಾಕೆಂದರೆ ಮುಂದಿನ ಚಕ್ರ ಹಿಂದಿನ ಚಕ್ರದ ಹೊಂದಾಣಿಕೆ ಕೆಡುತ್ತದೆ. "ಜಾಸ್ತಿ ಹಿಡಿಯುವ ಬ್ರೇಕೇ ಒಳ್ಳೆ ಬ್ರೇಕು" ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ದೇಶದಲ್ಲಿ ಸಿಗುವ ಕೆಲವು ಹೆಸರಾಂತ ಕಂಪನಿಗಳ ಪ್ಯಾಡಿನ ಮೇಲೂ ಈ ಆರ್90 ಗುರುತು ಇರುತ್ತದೆ, ನೋಡಿ ತಗೊಳ್ಳಿ.

ಮಡಿಕೇರಿ ಮೋಡ

ಎಲೆಕ್ಟ್ರಿಕ್ ಕಾರಿನವರು ಯಾರಾದರೂ ಇದ್ದರೆ ಇದನ್ನೂ ಓದಿಕೊಳ್ಳಿ. ನಮ್ಮ ಮನೆ ಗುಡ್ಡದ ಮೇಲೆ. ರಾತ್ರಿ ಪೂರ್ತಿ 100 ಚಾರ್ಜ್ ಮಾಡಿ ಬೆಳಿಗ್ಗೆ ಸಂಪಾಜೆ ಕಡೆಗೆ ಇಳಿದೆ. ಆಕ್ಸಿಲರೇಟರ್ ಬಿಟ್ಟರೆ ಕಾರು ತಾನೇ ಹಿಡಿಯುತ್ತದಲ್ಲ, ಅವತ್ತು ಹಿಡಿಯಲೇ ಇಲ್ಲ. ತುಂಬಿದ ಕೊಡಕ್ಕೆ ನೀರು ಎಲ್ಲಿ ಸುರಿಯುವುದು? ಬ್ಯಾಟರಿ ತುಂಬಿದ್ದರೆ ರೀಜನ್, ಅಂದರೆ ಮೋಟಾರೇ ಕಾರನ್ನು ಹಿಡಿದು ಬ್ಯಾಟರಿ ತುಂಬಿಸುವುದು, ಕೆಲಸ ಮಾಡುವುದಿಲ್ಲ, ಇಲ್ಲವೇ ಕಡಿಮೆ ಮಾಡುತ್ತದೆ. ಗೇರೂ ಇಲ್ಲ. ಎಲ್ಲ ಭಾರ ಪ್ಯಾಡಿನ ಮೇಲೆ. ಈಗ ಇಳಿಯುವ ದಿನ 80ಕ್ಕೆ ನಿಲ್ಲಿಸುತ್ತೇನೆ.

ಇನ್ನೊಂದು, ರೀಜನ್‌ನಿಂದಾಗಿ ಪ್ಯಾಡ್ ಸವೆಯುವುದೇ ಅಪರೂಪ. ಅದಕ್ಕೇ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಜಾರುವ ಪಿನ್ ಜಾಮ್ ಆಗುತ್ತದೆ. ವಾರಕ್ಕೊಮ್ಮೆ ಗಟ್ಟಿಯಾಗಿ ನಾಲ್ಕು ಸಲ ತುಳಿದು ಡಿಸ್ಕ್ ಉಜ್ಜಿಕೊಳ್ಳುತ್ತೇನೆ.

ಹೆಬ್ರಿಯವಳು

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಶನಿವಾರ ನಮ್ಮ ಏರಿಯಾದ ಒಂದು ಸಣ್ಣ ಗ್ಯಾರೇಜಿಗೆ ಹೋದೆ, ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತಿದ್ದೆ. ನೋಡಿದ್ದನ್ನು ಬರೆಯುತ್ತೇನೆ.

ಎಡಗಡೆ ಮುಂದಿನ ಚಕ್ರ ಬಿಚ್ಚಿದರು. ಹೊರಗಿನ ಪ್ಯಾಡ್ ಇನ್ನೂ 6 ಮಿಮೀ ಇತ್ತು, ಒಳಗಿನದು 2 ಮಿಮೀ ಕೂಡ ಇರಲಿಲ್ಲ. ಒಂದೇ ಚಕ್ರದಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳಿದೆ. ಅವರು ಕ್ಯಾಲಿಪರ್ ಜಾರುವ ಪಿನ್ ಎಳೆದರು, ಬರಲಿಲ್ಲ. ಸುತ್ತಿಗೆಯಿಂದ ತಟ್ಟಿ ತಿರುಗಿಸಿ ತಿರುಗಿಸಿ ತೆಗೆದರು. ರಬ್ಬರ್ ಟೋಪಿ ಹರಿದು ನೀರು ಹೋಗಿ ತುಕ್ಕು ಕಟ್ಟಿತ್ತು. ಆ ಚಕ್ರದ ಬ್ರೇಕು ಬಿಟ್ಟ ಮೇಲೂ ಸ್ವಲ್ಪ ಹಿಡಿದೇ ಇರುತ್ತಿತ್ತಂತೆ. ಪ್ಯಾಡು ತೆಳ್ಳಗಾದಷ್ಟೂ ಬಿಸಿ ಬೇಗ ಆಯಿಲಿಗೆ ದಾಟುತ್ತದೆ ಅಂದರು. ಪಿನ್ ಉಜ್ಜಿ, ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ಟೋಪಿ ಹಾಕಿದರು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದಂತೆ.

ಆಮೇಲೆ ಆಯಿಲ್. ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಬಾಟಲಿಗೆ ಬಿಟ್ಟರು. ಹುಡುಗ ಒಳಗೆ ಕೂತು ಪೆಡಲ್ ತುಳಿಯುವುದು, ಇವರು ನಿಪ್ಪಲ್ ತೆರೆದು ಮುಚ್ಚುವುದು. "ಒತ್ತು... ಹಿಡಿ... ಬಿಡು." ಮೊದಲು ಬಂದದ್ದು ನಿನ್ನೆಯ ಕಾಫಿ ಡಿಕಾಕ್ಷನ್ ಬಣ್ಣ. ನಾಲ್ಕು ಚಕ್ರದಿಂದಲೂ ಜೇನಿನ ಬಣ್ಣದ ಹೊಸ ಆಯಿಲ್ ಬರುವ ತನಕ ಬಿಡಲಿಲ್ಲ. ಮುಚ್ಚಳದ ಮೇಲೆ ಡಾಟ್ 3 ಅಂತ ಇತ್ತು, ಡಾಟ್ 4 ಹಾಕಬಹುದು ಅಂತ ಅದನ್ನೇ ಹಾಕಿದರು. ಸರಿ ತಾನೆ?

ಡಿಸ್ಕ್ ಅಳೆದರು, ಅದರ ಮೇಲೆ ಅಚ್ಚಾಗಿದ್ದ ಕನಿಷ್ಠ ದಪ್ಪಕ್ಕಿಂತ ಇನ್ನೂ ಚೆನ್ನಾಗೇ ಇತ್ತು. ಬದಲಾಯಿಸುವುದು ಬೇಡ ಅಂದರು. ಹಿಂದಿನ ಡ್ರಮ್ ತೆಗೆದು ಶೂ ನೋಡಿ, ಪುಡಿ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಗಾಳಿ ಹೊಡೆದು ಊದಲಿಲ್ಲ.

ಹಾಸನದ ಗ್ಯಾರೇಜು

ಆ ಗ್ಯಾರೇಜು ಬಿಡಬೇಡಿ ಮೇಡಂ. ಪುಡಿ ಊದದವರು ಕೆಲಸ ಕಲಿತವರು. ಅದು ಎದೆಗೆ ಹೋಗಬಾರದು.

ಡಾಟ್ 3 ಇದ್ದಲ್ಲಿ 4 ಸರಿ, ಎರಡೂ ಗ್ಲೈಕಾಲ್ ಜಾತಿ. 5.1 ಕೂಡ ಅದೇ ಜಾತಿ. ಬರೀ 5 ಅನ್ನುವುದು ಸಿಲಿಕೋನ್, ಅದನ್ನು ಯಾವತ್ತೂ ಬೆರೆಸಬಾರದು. ಹೆಸರು ಒಂದೇ ಥರ ಇರುವುದರಿಂದ ಜನ ಮೋಸ ಹೋಗುತ್ತಾರೆ. ಮತ್ತೆ, ಆಯಿಲ್ ಬಣ್ಣದ ಮೇಲೆ ಚೆಲ್ಲಿದ್ದರೆ ಕೂಡಲೇ ನೀರಿನಲ್ಲಿ ತೊಳೆಯಿರಿ, ಪೇಂಟ್ ಏಳುತ್ತದೆ.

ಹೊಸ ಪ್ಯಾಡನ್ನು ಪಳಗಿಸದೇ ಘಾಟಿಗೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲದಾಗ 60ರಿಂದ 20ಕ್ಕೆ ಹದವಾಗಿ ಇಳಿಸಿ. ಹತ್ತು ಹನ್ನೆರಡು ಸಲ, ನಡುವೆ ಸ್ವಲ್ಪ ಓಡಿಸಿ ತಣ್ಣಗಾಗಲು ಬಿಟ್ಟು. ಪೂರ್ತಿ ನಿಲ್ಲಿಸಬೇಡಿ. ಕಾದ ಪ್ಯಾಡ್ ಒಂದೇ ಕಡೆ ಒತ್ತಿಕೊಂಡು ನಿಂತರೆ ಡಿಸ್ಕಿನ ಮೇಲೆ ಮಚ್ಚೆ ಬೀಳುತ್ತದೆ, ಆಮೇಲೆ ಪೆಡಲ್ ನಡುಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ" ಅಂತ ನನ್ನ ಹತ್ತಿರ ಬರುವ ಬಹಳಷ್ಟು ಗಾಡಿಗಳಲ್ಲಿ ಆಗಿರುವುದು ಇದೇ. ಚಕ್ರದ ನಟ್ಟುಗಳನ್ನು ಗನ್ನಿನಲ್ಲಿ ಅಡ್ಡಾದಿಡ್ಡಿ ಬಿಗಿದರೂ ಹಾಗೇ ಆಗುತ್ತದೆ, ಟಾರ್ಕ್ ಸ್ಪ್ಯಾನರ್ ಬಳಸಲು ಹೇಳಿ. ಮೊದಲ 300 ಕಿಮೀ ಮೆತ್ತಗೆ ಓಡಿಸಿ.

ಹೆಬ್ರಿಯವಳು

ಮೂರು ವಾರ ಆಯಿತು. ಪ್ಯಾಡ್, ಆಯಿಲ್, ಪಿನ್ ಕೆಲಸ ಸೇರಿ ಐದು ಸಾವಿರದೊಳಗೆ ಮುಗಿಯಿತು. ಉಳಿದದ್ದಕ್ಕೆ ನಾಲ್ಕು ಹೊಸ ಟೈರ್ ಹಾಕಿಸಿದೆ, ಮೇಲೆ ಸ್ವಲ್ಪ ಸೇರಿಸಬೇಕಾಯಿತು. ಮಾಗಡಿ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಐದೂವರೆಗೆ ಪ್ಯಾಡ್ ಪಳಗಿಸಿದೆ. ಮೊದಲ ದಿನ ಸಣ್ಣ ವಾಸನೆ ಬಂತು, ಆಮೇಲೆ ಇಲ್ಲ.

ನಿನ್ನೆ ಊರಿಗೆ ಬಂದೆ. ಈ ಸಲವೂ ಐದು ಜನ. ಆಗುಂಬೆಯ ಸೂರ್ಯಾಸ್ತದ ಜಾಗ ಬರುವ ಮುಂಚೆಯೇ ಎರಡನೇ ಗೇರಿಗೆ ಹಾಕಿದೆ. ತಿರುವಿಗೆ ಮೊದಲು ಒಮ್ಮೆ ಗಟ್ಟಿ ತುಳಿತ, ಪೂರ್ತಿ ಬಿಡುವುದು. ಎಂಜಿನ್ ಗುಂಯ್ ಅನ್ನುತ್ತಿತ್ತು. ಹಿಂದಿನಿಂದ ಒಂದು ಕಾರಿನವರು ಹಾರ್ನ್ ಹೊಡೆದರು, ಜಾಗ ಸಿಕ್ಕಲ್ಲಿ ಬದಿಗೆ ಸರಿದು ಬಿಟ್ಟುಕೊಟ್ಟೆ. ಕಳೆದ ಸಲ ನಿಂತಿದ್ದ ತಿರುವಿನಲ್ಲಿ ಅಮ್ಮ ನನ್ನ ಕಾಲನ್ನೇ ನೋಡುತ್ತಿದ್ದರು. ಪೆಡಲ್ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು.

ಸೋಮೇಶ್ವರದಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಒಡ್ಡಿ ನೋಡಿದೆ. ಬಿಸಿ ಇತ್ತು, ಸುಟ್ಟ ವಾಸನೆ ಇರಲಿಲ್ಲ. ಅಮ್ಮ ಇಳಿದು ಅಂಗಡಿಯಲ್ಲಿ ಚಹಾ ಹೇಳಿದರು.

ಶಿರಾಡಿ ಅಣ್ಣ, ನಿಮ್ಮ ಗುರುಗಳ ಮಾತನ್ನು ನನ್ನ ತಮ್ಮನಿಗೂ ಹೇಳಿದ್ದೇನೆ. ಅವನು ಈಗ ಲೈಸೆನ್ಸ್ ತಗೊಳ್ಳುತ್ತಿದ್ದಾನೆ.

ಶಿರಾಡಿ ಲಾರಿ

ಖುಷಿಯಾಯಿತು ಅಕ್ಕಾ. ಇವತ್ತು ರಾತ್ರಿ ನಾನೂ ಇಳಿಯುತ್ತಿದ್ದೇನೆ. ಮಾರನಹಳ್ಳಿ ಹತ್ತಿರ ಮಂಜು ಜಾಸ್ತಿ ಅಂತ ಮುಂದೆ ಹೋದವರು ಫೋನ್ ಮಾಡಿದ್ದಾರೆ. ಈ ಕಡೆ ಬರುವವರು ಯಾರಾದರೂ ಇದ್ದರೆ ಗೇರ್ ಇಳಿಸಿಕೊಂಡೇ ಬನ್ನಿ.